ಕೋದಂಡರಾಮಯ್ಯನ ಬಣ್ಣದ ಚರಂಡಿ

ಕೋದಂಡರಾಮಯ್ಯ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಹಲ್ಲುಜ್ಜುತ್ತಿದ್ದ. ಬಾಯಲ್ಲಿ ಉಳಿದಿದ್ದದ್ದು ಹತ್ತೊಂಬತ್ತು ಹಲ್ಲು. ಒಂದೊಂದಕ್ಕೆ ಎರಡು ನಿಮಿಷದ ಮೇಲೆ ಬೀಳುತ್ತಿತ್ತು. ಅದೂ ಬಚ್ಚಲಲ್ಲಿ ಅಲ್ಲ. ಮನೆ ಮುಂದಿನ ಚರಂಡಿಗೆ ಅಡ್ಡ ಹಾಕಿದ್ದ ಕಲ್ಲುಚಪ್ಪಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಕತ್ತು ಬಗ್ಗಿಸಿ, ಚರಂಡಿಯನ್ನೇ ನೋಡುತ್ತಾ ಉಜ್ಜುತ್ತಿದ್ದ. ಗಂಡನಿಗೆ ಹೀಗೇಕಾಯಿತು ಅಂತ ಹೆಂಡತಿ ವರಲಕ್ಷ್ಮಮ್ಮ ಮೊದಮೊದಲು ಯೋಚಿಸಿದ್ದಳು. ಎದುರು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಅಂತ ಹೋಗಿ ನೋಡಿಯೂ ಬಂದಿದ್ದಳು. ಎದುರು ಮನೆಯಲ್ಲಿ ಎಪ್ಪತ್ತೆಂಟರ ಮುದುಕಿ ಮತ್ತು ಒಂದು ಮೇಕೆ ಇದ್ದರು. ಆಮೇಲೆ ಅವಳು ಯೋಚಿಸುವುದನ್ನು ಬಿಟ್ಟಳು.

ಕೋದಂಡರಾಮಯ್ಯ ನೋಡುತ್ತಿದ್ದದ್ದು ಚರಂಡಿ ನೀರಿನ ಬಣ್ಣವನ್ನು.

ಮೇಳೆಸಂದ್ರ ದೊಡ್ಡಬಳ್ಳಾಪುರ ತಾಲ್ಲೂಕಿನ ಊರು. ಮಾಕಳಿದುರ್ಗದ ಬೆಟ್ಟ ಹತ್ತುವುದಕ್ಕೆ ಬೆಂಗಳೂರಿನಿಂದ ಬರುವ ಹುಡುಗರು ದಾರಿ ತಪ್ಪಿದರೆ ಮಾತ್ರ ಸಿಗುತ್ತದೆ. ಊರಿಗೆ ಒಂದೇ ನೇಕಾರರ ಬೀದಿ, ಅದು ಇಳಿಜಾರಾಗಿ ಕೆರೆಯವರೆಗೆ ಹೋಗುತ್ತದೆ. ಬೀದಿಯ ತುದಿಯಲ್ಲಿ, ಎಲ್ಲರಿಗಿಂತ ಮೇಲೆ, ಅಪ್ಪಯ್ಯಣ್ಣನ ಬಣ್ಣದ ಮನೆ. ನೂಲಿಗೆ ಬಣ್ಣ ಹಾಕುವ ಜಾಗ ಅದು. ಅದರ ಕೆಳಗಿನ ಮೊದಲನೇ ಮನೆ ಕೋದಂಡರಾಮಯ್ಯನದು. ಅಲ್ಲಿಂದ ಕೆಳಕ್ಕೆ ಸಾಲಾಗಿ ಇಪ್ಪತ್ತಮೂರು ಮನೆ, ಮನೆಗೆ ಎರಡೋ ನಾಲ್ಕೋ ಪವರ್‌ಲೂಮು.

ಅಪ್ಪಯ್ಯಣ್ಣ ಬೆಂಗಳೂರಿನ ಒಂದು ಭಾರಿ ಸೀರೆ ಅಂಗಡಿಗೆ ನೂಲು ಬಣ್ಣ ಮಾಡಿಕೊಡುತ್ತಿದ್ದ. ಮುಂದಿನ ಹಬ್ಬಕ್ಕೆ ಯಾವ ಬಣ್ಣ ಓಡುತ್ತದೆ ಅಂತ ಆರಿಸುವುದಕ್ಕೇ ಆ ಅಂಗಡಿಯವರು ಸಂಬಳ ಕೊಟ್ಟು ಜನ ಇಟ್ಟಿದ್ದರು. ಹಬ್ಬಕ್ಕೆ ಮುಂಚೆ ಬಣ್ಣ ಹೊರಗೆ ಹೋಗಕೂಡದು ಎನ್ನುವುದು ಅವರ ಕರಾರು. ಅಪ್ಪಯ್ಯಣ್ಣ ಮಾತಿಗೆ ತಪ್ಪದ ಮನುಷ್ಯ. ಗೇಟು ಹಾಕಿಸಿದ್ದ, ಗೇಟಿಗೆ ಬೀಗ ಹಾಕಿದ್ದ, ನೂಲನ್ನು ಶೀಟಿನ ಕೆಳಗೆ ಒಣಗಿಸುತ್ತಿದ್ದ. ನೂಲು ತೊಳೆದ ನೀರನ್ನು ಮಾತ್ರ ಬೀದಿಗೆ ಬಿಡುತ್ತಿದ್ದ.

ಬೆಳಿಗ್ಗೆ ಆರೂವರೆಗೆ ಆ ನೀರು ಕೋದಂಡರಾಮಯ್ಯನ ಚಪ್ಪಡಿಯ ಕೆಳಗೆ ಬರುತ್ತಿತ್ತು. ಅವನು ಬಾಯಲ್ಲಿ ಬ್ರಶ್ಶು ಕಚ್ಚಿಕೊಂಡು, ಜೇಬಿನಿಂದ ಬಿಳಿ ನೂಲಿನ ಒಂದು ಎಳೆ ತೆಗೆದು, ಹೆಗಲ ಮೇಲಿನ ಟವೆಲ್ ಮರೆಯಲ್ಲಿ ನೀರಿಗೆ ಇಳಿಬಿಡುತ್ತಿದ್ದ. ಮುಕ್ಕಾಲು ಗಂಟೆಗೆ ಎಳೆ ಬಣ್ಣ ಹಿಡಿಯುತ್ತಿತ್ತು. ಎಳೆಯಲ್ಲಿ ಕಂಡದ್ದನ್ನು ಮೂರು ಪಾಲು ಗಾಢ ಮಾಡಿದರೆ ನೂಲಿನ ನಿಜವಾದ ಬಣ್ಣ ಸಿಗುತ್ತದೆ ಎನ್ನುವುದು ಅವನು ವರ್ಷಗಳಿಂದ ಕಂಡುಕೊಂಡ ವಿದ್ಯೆ. ಎಂಟು ಗಂಟೆಯ ಬಸ್ಸಿಗೆ ದೊಡ್ಡಬಳ್ಳಾಪುರಕ್ಕೆ ಹೋಗಿ ಬೇರೆ ಕಡೆ ಅದೇ ಬಣ್ಣ ಹಾಕಿಸಿಕೊಂಡು ಬರುತ್ತಿದ್ದ. ಹದಿನೈದು ದಿನದಲ್ಲಿ ಅವನ ಆರು ಮಗ್ಗದ ಸೀರೆ ಪೇಟೆಯ ವೆಂಕಟರಾಯಪ್ಪನ ಸಗಟು ಅಂಗಡಿಯಲ್ಲಿರುತ್ತಿತ್ತು. ಬೆಂಗಳೂರಿನವರ ಸೀರೆ ಇನ್ನೂ ಮಗ್ಗದ ಮೇಲೇ ಇರುತ್ತಿತ್ತು.

"ಕೋದಂಡಪ್ಪಂಗೆ ಬಣ್ಣದ ಕಣ್ಣು ಕಣ್ರಯ್ಯ," ಅಂತ ವೆಂಕಟರಾಯಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಕೋದಂಡರಾಮಯ್ಯ ಕಣ್ಣು ಅರ್ಧ ಮುಚ್ಚಿ, "ಎಲ್ಲಾ ಒಳಗಿಂದ ಬರ್ಬೇಕು," ಅನ್ನುತ್ತಿದ್ದ.

ಹೀಗೆ ಹನ್ನೊಂದು ವರ್ಷ ಕಳೆದಿತ್ತು. ಬೀದಿಯ ಉಳಿದವರೂ ಅವನದೇ ಬಣ್ಣದ ಹತ್ತಿರಹತ್ತಿರದ ಸೀರೆ ನೇಯುತ್ತಿದ್ದರು. ತನ್ನನ್ನು ನೋಡಿ ಕಾಪಿ ಹೊಡೆಯುತ್ತಾರೆ ಅಂತ ಅವನು ತಿಳಿದಿದ್ದ. ಪಕ್ಕದ ಮನೆ ಮುನಿಕೃಷ್ಣನ ಸೀರೆ ಒಂದು ಗುಲಗಂಜಿಯಷ್ಟು ಮಾಸಲು. ಅವನ ಕೆಳಗಿನವರದು ಇನ್ನೂ ಮಾಸಲು. ಕೆರೆ ಪಕ್ಕದ ಕೊನೇ ಮನೆಯವರದು ಎಲ್ಲ ಕಾಲಕ್ಕೂ ಕಂದು. "ಕಾಪಿ ಹೊಡೆಯೋಕೂ ಯೋಗ್ಯತೆ ಬೇಕು," ಅಂದುಕೊಂಡು ಅವನು ನಗುತ್ತಿದ್ದ.

ಮಾರ್ಚ್ ತಿಂಗಳ ಒಂದು ಸೋಮವಾರ ರಾತ್ರಿ ಊಟಕ್ಕೆ ಕೂತಾಗ ವರಲಕ್ಷ್ಮಮ್ಮ ಮುದ್ದೆ ಬಡಿಸುತ್ತಾ, "ರೀ, ದುಡ್ಡು ಬಂತು," ಅಂದಳು.

"ಯಾರ್ದು?"

"ಚರಂಡೀದು."

ವರಲಕ್ಷ್ಮಮ್ಮ ಪಂಚಾಯಿತಿ ಮೆಂಬರು. ಸೀಟು ಮಹಿಳೆಯರಿಗೆ ಬಂದಾಗ ಊರವರು ಅವಳನ್ನು ನಿಲ್ಲಿಸಿದ್ದು ಗಂಡ ನೋಡಿಕೊಳ್ಳುತ್ತಾನೆ ಅಂತ. ಮೊದಲನೇ ಮೀಟಿಂಗಿಗೆ ಗಂಡನೇ ಹೋಗಿದ್ದ. ಎರಡನೇ ಮೀಟಿಂಗಿಗೆ ಅವಳೇ ಹೋಗಿ, ಅವನು ಕೂತಿದ್ದ ಕುರ್ಚಿಯ ಪಕ್ಕ ನಿಂತು, ಅವನು ಏಳುವವರೆಗೆ ಅಲ್ಲಾಡಲಿಲ್ಲ. ಅಲ್ಲಿಂದ ಎರಡು ವರ್ಷ ಈ ಚರಂಡಿಯ ಹಿಂದೆ ಬಿದ್ದಿದ್ದಳು. ಕಾರಣವೂ ಇತ್ತು. ಬೀದಿಯ ಬಚ್ಚಲು ನೀರು, ಪಾತ್ರೆ ನೀರು, ಬಣ್ಣದ ನೀರು ಎಲ್ಲ ಸೇರಿ ಕೆರೆ ನಾರುತ್ತಿತ್ತು. ಕೆರೆ ಪಕ್ಕದ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹೋದ ವರ್ಷ ಊರಿನ ಒಂದು ಬಿಳಿ ಎತ್ತು ಕೆರೆಗೆ ಇಳಿದು ತಿಳಿ ಗುಲಾಬಿಯಾಗಿ ಎದ್ದು ಬಂದಿತ್ತು. ಅದನ್ನು ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲ.

ಆದರೆ ಊರಿನ ಅಳತೆ ಸರಿ ಇರಲಿಲ್ಲ. ಪಟ್ಟಣವಾಗಿದ್ದರೆ ಒಳಚರಂಡಿ ಬರುತ್ತಿತ್ತು. ಹತ್ತು ಮನೆಯ ಹಳ್ಳಿಯಾಗಿದ್ದರೆ ಮನೆಗೊಂದು ಇಂಗುಗುಂಡಿ ತೋಡಿದರೆ ಮುಗಿಯುತ್ತಿತ್ತು. ಮೇಳೆಸಂದ್ರ ಒಂದಕ್ಕೆ ಚಿಕ್ಕದು, ಇನ್ನೊಂದಕ್ಕೆ ದೊಡ್ಡದು. ಯಾವ ಇಲಾಖೆಗೆ ಹೋದರೂ ಪಕ್ಕದ ಇಲಾಖೆ ತೋರಿಸುತ್ತಿದ್ದರು. ವರಲಕ್ಷ್ಮಮ್ಮ ಮೂರು ಬೇರೆ ಬೇರೆ ಸ್ಕೀಮಿನಿಂದ ಚೂರುಚೂರು ಕಿತ್ತು, ಒಂದಕ್ಕೊಂದು ಹೊಲಿದು, ಹೇಗೋ ಒಂದು ಚರಂಡಿಗಾಗುವಷ್ಟು ಮಾಡಿದ್ದಳು. ಮಾರ್ಚ್ ಮೂವತ್ತೊಂದರೊಳಗೆ ಫೈಲಿಗೆ ಸಹಿ ಬೀಳದಿದ್ದರೆ ಮೂರೂ ಕಡೆಯದು ವಾಪಸ್ಸು ಹೋಗುತ್ತಿತ್ತು.

"ಗುರುವಾರ ಇಂಜಿನಿಯರು, ಜೆಇ ಮೇಡಂ ಬರ್ತಾರೆ, ಜಾಗ ನೋಡ್ತಾರೆ," ಅಂದಳು. "ಅವತ್ತೇ ಸಭೆ ಕರೆದು ಠರಾವು ಮಾಡ್ಬೇಕು. ಅಪ್ಪಯ್ಯಣ್ಣನ ಗೇಟಿಂದ ಕೆರೆವರ್ಗೂ ಚರಂಡಿ ಮುಚ್ತಾರೆ. ಕೆರೆ ಹತ್ರ ತೊಟ್ಟಿ ಕಟ್ಟಿ, ಗಿಡ ಹಾಕಿ, ನೀರು ಶುದ್ಧ ಮಾಡಿ ಬಿಡ್ತಾರೆ. ಒಂದ್ ಹನಿ ಹೊರಗ್ ಕಾಣಲ್ಲ."

ಕೋದಂಡರಾಮಯ್ಯ ಮುರಿದ ಮುದ್ದೆಯನ್ನು ಮತ್ತೆ ತಟ್ಟೆಗಿಟ್ಟ. ನೀರು ಕುಡಿದ.

"ಕಪ್ಪೆ ಏನ್ಮಾಡ್ಬೇಕು?"

"ಯಾವ ಕಪ್ಪೆ?"

"ಚರಂಡೀಲಿರೋ ಕಪ್ಪೆ. ಅವೂ ಜೀವಾನೇ ಅಲ್ವಾ?"

"ನಮ್ ಚರಂಡೀಲಿ ಕೊನೇ ಕಪ್ಪೆ ಸತ್ತು ಯಾವ್ ಕಾಲ ಆಯ್ತು."

"ವಾಸ್ತು ಪ್ರಕಾರ ಮನೆ ಮುಂದೆ ನೀರು ಹರಿಯೋದು ಕಣ್ಣಿಗೆ ಕಾಣ್ಬೇಕು ಕಣೇ."

"ಹಂಗಾದ್ರೆ ನಿಮ್ ಮಂಚ ತಗೊಂಡೋಗಿ ಅಲ್ಲೇ ಹಾಕ್ಕೊಳ್ಳಿ. ನೋಡ್ತಾ ಮಲಗಿ."

"ಅಪ್ಪಯ್ಯಣ್ಣ ಒಪ್ತಾನಾ? ಅವನ ಬಣ್ಣದ ನೀರು ಎಲ್ಲಿಗ್ ಹೋಗ್ಬೇಕು?"

"ಒಪ್ಪಿ ಬರ್ಕೊಟ್ಟಿದಾರೆ. ಈ ಸ್ಕೀಮು ಬಚ್ಚಲು, ಅಡಿಗೆಮನೆ ನೀರಿಗೆ ಮಾತ್ರ. ಬೂದು ನೀರು ಅಂತಾರೆ ಅದಕ್ಕೆ. ಕಾರ್ಖಾನೆ ನೀರು ಸೇರಿದ್ರೆ ಫೈಲ್ ವಾಪಸ್. ಅದಕ್ಕೇ ಅವ್ರು ಹಿತ್ತಲಲ್ಲಿ ಬೇರೆ ತೊಟ್ಟಿ ಕಟ್ಟಿಸ್ಕೊತಾರೆ. ಆಗೋವರ್ಗೂ ನೂಲು ತೊಳೆಯೋದು ಬಂದ್. ಬುಧವಾರದಿಂದ್ಲೇ ನಿಲ್ಲಿಸ್ತಾರೆ. ಪಾಪ, ಅವ್ರಿಗೂ ತಲೆ ಕೆಟ್ಟೋಗದೆ. ಯಾರೋ ಬಣ್ಣ ಕದೀತಾವ್ರೆ ಅಂತ ಒಳಗಡೆ ಮೂರು ಕ್ಯಾಮೆರಾ ಹಾಕ್ಸವ್ರೆ, ಯಾರೂ ಸಿಕ್ಕಿಲ್ಲ."

ಕೋದಂಡರಾಮಯ್ಯ ಎರಡನೇ ಮುದ್ದೆ ಬೇಡ ಅಂದ. ಮೂವತ್ತು ವರ್ಷದ ಸಂಸಾರದಲ್ಲಿ ಇದು ಮೊದಲು.

ಎರಡು ರಾತ್ರಿ ಅವನು ತನ್ನ ಸ್ವಂತ ಬುದ್ಧಿಯಿಂದ ಒಂದು ಬಣ್ಣ ಯೋಚಿಸಲು ನೋಡಿದ. ಕಣ್ಣು ಮುಚ್ಚಿದರೆ ಕಪ್ಪು ಕಾಣುತ್ತಿತ್ತು. ಕಪ್ಪು ಸೀರೆಯನ್ನು ಹಬ್ಬಕ್ಕೆ ಯಾರೂ ಕೊಳ್ಳುವುದಿಲ್ಲ. ಬುಧವಾರ ಬೆಳಿಗ್ಗೆ ಚಪ್ಪಡಿಯ ಮೇಲೆ ಕೂತಾಗ ಬಂದದ್ದು ಬರೀ ತನ್ನದೇ ಮನೆಯ ಸಾರಿನ ನೀರು ಮತ್ತು ಎರಡು ಹುಣಸೆ ಬೀಜ. ಆರು ಮಗ್ಗ, ಪೇಟೆಯಲ್ಲಿ ಹೆಸರು, ವೆಂಕಟರಾಯಪ್ಪನ ಅಂಗಡಿಯಲ್ಲಿ ಗಾದಿಯ ಮೇಲೆ ಕೂರುವ ಜಾಗ, ಎಲ್ಲ ಆ ಹುಣಸೆ ಬೀಜದ ಹಿಂದೆ ಹೋಗುತ್ತಿರುವಂತೆ ಕಂಡಿತು.

ಆಗ ಅವನಿಗೆ ಹೊಳೆಯಿತು. ಕಾರ್ಖಾನೆ ನೀರು ಸೇರಿದರೆ ಫೈಲು ವಾಪಸ್. ಫೈಲು ವಾಪಸ್ಸಾದರೆ ಅಪ್ಪಯ್ಯಣ್ಣನಿಗೆ ತೊಟ್ಟಿಯ ತಲೆಬಿಸಿ ಇಲ್ಲ. ಎಲ್ಲ ಮೊದಲಿನ ಹಾಗೆ. ಬೇಕಾದದ್ದು ಗುರುವಾರ ಬೆಳಿಗ್ಗೆ ಒಂದು ಹಂಡೆ ಬಣ್ಣ, ಅಷ್ಟೇ.

ಗುರುವಾರ ಒಂಬತ್ತೂವರೆಗೆ ವರಲಕ್ಷ್ಮಮ್ಮ ಹೊಸ ಸೀರೆ ಉಟ್ಟು ಅರಳಿಕಟ್ಟೆಗೆ ಹೋದಳು. ಕೋದಂಡರಾಮಯ್ಯ ಅಟ್ಟದಿಂದ ಹಳೇ ಬಣ್ಣದ ಪುಡಿ ಇಳಿಸಿದ. ಅವರಪ್ಪನ ಕಾಲದ ಏಳು ಪೊಟ್ಟಣ, ಮೇಲಿನ ಹೆಸರು ಅಳಿಸಿಹೋಗಿತ್ತು. ಅವನಿಗೆ ನೇಯಲು ಬರುತ್ತಿತ್ತು, ಬಣ್ಣ ಕಲಸಲು ಬರುತ್ತಿರಲಿಲ್ಲ. ಒಳ್ಳೆಯ ಕೆಂಪು ಮಾಡೋಣ ಅಂತ ಒಂದು ಪೊಟ್ಟಣ ಬಿಸಿನೀರಿಗೆ ಸುರಿದ. ನೇರಳೆಯಾಯಿತು. ಸರಿಮಾಡಲು ಇನ್ನೊಂದು ಸುರಿದ. ಹೀಗೆ ಸರಿಮಾಡುತ್ತಾ ಸರಿಮಾಡುತ್ತಾ ಏಳೂ ಮುಗಿದವು. ಸೌಟು ಹಾಕಿದರೆ ಹೆಂಡತಿಗೆ ಗೊತ್ತಾಗುತ್ತದೆ ಅಂತ ಕೈಯಲ್ಲೇ ಕದಡಿದ.

ಹಂಡೆಯಲ್ಲಿ ನಿಂತ ಬಣ್ಣಕ್ಕೆ ಯಾವ ಭಾಷೆಯಲ್ಲೂ ಹೆಸರಿರಲಿಲ್ಲ. ಹಳಸಿದ ಬದನೆಕಾಯಿ ಗೊಜ್ಜಿಗೆ ಅರಿಶಿನ ಹೆಚ್ಚಾಗಿ, ಅದರ ಮೇಲೆ ಯಾರೋ ಇಂಕು ಚೆಲ್ಲಿದಂತಿತ್ತು. ಅವನ ಕೈಯೂ ಮೊಣಕೈವರೆಗೆ ಅದೇ ಆಗಿತ್ತು. ಸೋಪು ಹಾಕಿದ, ಹೋಗಲಿಲ್ಲ. ಕೆರೆ ಕಡೆಯಿಂದ ಸ್ಕೂಟರಿನ ಹಾರನ್ ಕೇಳಿಸಿತು. ಕೈಗೆ ಟವೆಲ್ ಸುತ್ತಿಕೊಂಡು, ಹಂಡೆಯನ್ನು ಬಚ್ಚಲಿಗೆ ಮಗುಚಿ, ಏನೂ ಗೊತ್ತಿಲ್ಲದವನಂತೆ ಬೀದಿಗೆ ಬಂದ.

ಸ್ಕೂಟರಿನಿಂದ ಇಳಿದ ಜೆಇ ಅರ್ಪಿತಳಿಗೆ ಇಪ್ಪತ್ತೇಳು ವರ್ಷ. ಮಾರ್ಚ್ ಮುಗಿಯುವುದರೊಳಗೆ ಅವಳು ಇಂಥ ಒಂಬತ್ತು ಊರು ನೋಡಬೇಕಿತ್ತು, ಇದು ಏಳನೆಯದು. ವರಲಕ್ಷ್ಮಮ್ಮ ಅವಳನ್ನು ಕೆರೆ ಕಡೆಯಿಂದ ಮೇಲಕ್ಕೆ ನಡೆಸಿಕೊಂಡು ಬರುತ್ತಿದ್ದಳು. ಬಣ್ಣ ಮೇಲಿನಿಂದ ಕೆಳಕ್ಕೆ ಹೋಗುತ್ತಿತ್ತು.

ಪವರ್‌ಲೂಮಿನ ಬೀದಿಯಲ್ಲಿ ಹಗಲಿಡೀ ಟಕಟಕ ನಿಲ್ಲುವುದಿಲ್ಲ. ಅವತ್ತು ನಿಂತಿತು. ಮೊದಲು ಮುನಿಕೃಷ್ಣನ ಮನೆಯ ಮಗ್ಗ ನಿಂತಿತು. ಆಮೇಲೆ ಅವನ ಕೆಳಗಿನ ಮನೆಯದು. ಆಮೇಲೆ ಅದರ ಕೆಳಗಿನದು. ಬಣ್ಣ ಎಷ್ಟು ದೂರ ಹೋಯಿತೋ ಅಷ್ಟು ದೂರ ಬೀದಿ ಮೌನವಾಗುತ್ತಾ ಹೋಯಿತು. ಒಂದೊಂದೇ ಬಾಗಿಲಿನಿಂದ ಒಬ್ಬೊಬ್ಬನೇ ಗಂಡಸು ಹೊರಬಂದ. ಯಾರೂ ಯಾರನ್ನೂ ನೋಡಲಿಲ್ಲ. ಎಲ್ಲರೂ ಅವರವರ ಮನೆ ಮುಂದೆ ಕುಕ್ಕರುಗಾಲಲ್ಲಿ ಕೂತರು. ಎಲ್ಲರ ಜೇಬಿನಿಂದಲೂ ಒಂದೊಂದು ಬಿಳಿ ಎಳೆ ಬಂತು.

ಇಪ್ಪತ್ತಮೂರು ಎಳೆ. ಕೋದಂಡರಾಮಯ್ಯ ಎಣಿಸಿದ.

"ಮೇಡಂ, ಏನಿದು?" ಅರ್ಪಿತ ಮೆಲ್ಲಗೆ ವರಲಕ್ಷ್ಮಮ್ಮನನ್ನು ಕೇಳಿದಳು. "ಗಂಗಾಪೂಜೆನಾ?"

"ಗೊತ್ತಿಲ್ಲಮ್ಮ," ಅಂದಳು ವರಲಕ್ಷ್ಮಮ್ಮ. "ನಾನೂ ಇವತ್ತೇ ನೋಡ್ತಾ ಇರೋದು."

ಮುನಿಕೃಷ್ಣನ ಒಂದು ಕೈ ಚರಂಡಿಯಲ್ಲಿತ್ತು, ಇನ್ನೊಂದರಲ್ಲಿ ಫೋನು, ಆ ಕಡೆ ದೊಡ್ಡಬಳ್ಳಾಪುರದ ಬಣ್ಣದವನು. "ಹೂಂ ಗುರು, ಹನ್ನೆರಡು ಕೆಜಿ. ಅರ್ಜೆಂಟು. ಅಪ್ಪಯ್ಯಣ್ಣ ಬಂದ್ ಅಂತ ಊರಿಗೆಲ್ಲಾ ಹೇಳಿ ಕದ್ದು ಹಾಕ್ತಾವ್ನೆ ಅಂದ್ರೆ ಭಾರಿ ಬಣ್ಣಾನೇ ಇರ್ಬೇಕು. ಹೆಸ್ರಾ? ಹೆಸ್ರಿಲ್ಲ ಕಣೋ. ಫೋಟೋ ಕಳ್ಸಿದೀನಿ ನೋಡು. ಹೂಂ, ಇದೇ. ಇಲ್ಲ, ನನ್ ಫೋನು ಸರಿಯಾಗೇ ಐತೆ."

ಕೋದಂಡರಾಮಯ್ಯ ಅವನ ತಲೆಯ ಮೇಲೆ ಹೋಗಿ ನಿಂತ. "ಏನೋ ಮಾಡ್ತಿದೀಯಾ ಮುನಿಕೃಷ್ಣ?"

"ಹಲ್ಲುಜ್ತಾ ಇದೀನಿ ಕೋದಂಡಣ್ಣ."

"ಹತ್ತೂವರೆ ಗಂಟೇಲಿ? ಬ್ರಶ್ ಎಲ್ಲೋ?"

"ನೀವು ಹನ್ನೊಂದ್ ವರ್ಷದಿಂದ ಉಜ್ತಾ ಇದೀರಲ್ಲ, ನಿಮ್ಮನ್ನ ಯಾರಾದ್ರೂ ಏನಾದ್ರೂ ಕೇಳಿದ್ರಾ?"

ಹಾಗಾದರೆ ಯಾರೂ ಅವನನ್ನು ನೋಡಿ ಕಾಪಿ ಹೊಡೆಯುತ್ತಿರಲಿಲ್ಲ. ಅವನ ಹಾಗೆಯೇ ಎಲ್ಲರೂ ನೇರವಾಗಿ ಚರಂಡಿಯಿಂದ ಕದಿಯುತ್ತಿದ್ದರು. ಅವನದು ಬಣ್ಣದ ಕಣ್ಣಲ್ಲ, ಮೇಲಿನ ಮನೆ, ಅಷ್ಟೇ. ಮನೆಮನೆಯ ಪಾತ್ರೆ ನೀರು ಸೇರುತ್ತಾ ಹೋಗುವುದರಿಂದ ಕೆಳಗಿನವರ ಸೀರೆ ಮಾಸಲು. ಕೆರೆ ಪಕ್ಕದವರು ಪಾಪ ಇಷ್ಟು ವರ್ಷ ಊರಿನ ಸಾರಿನ ಬಣ್ಣವನ್ನೇ ನೇಯ್ದು ಮಾರಿದ್ದರು.

ಇದಕ್ಕಿಂತ ಹೆಚ್ಚು ಯೋಚಿಸಲು ಅವನಿಗೆ ಪುರುಸೊತ್ತಾಗಲಿಲ್ಲ. ಅರ್ಪಿತ ಪುಸ್ತಕ ತೆಗೆದಿದ್ದಳು.

"ಮೇಡಂ, ಇದು ಬಣ್ಣ ಹಾಕೋ ಕಾರ್ಖಾನೆ ನೀರು," ಅಂದಳು. "ಹಿಂಗಿದ್ರೆ ನಾನು ಬರ್ಕೊಡಕ್ಕಾಗಲ್ಲ. ನೀವೇ ಫೋನಲ್ಲಿ ಹೇಳಿದ್ರಿ, ನಿಲ್ಲಿಸಿದಾರೆ ಅಂತ."

ವರಲಕ್ಷ್ಮಮ್ಮನ ಮುಖ ನೋಡಬಾರದ ಹಾಗಾಯಿತು. ಎರಡು ವರ್ಷ ಹೊಲಿದದ್ದು ಕಣ್ಣೆದುರಿಗೆ ಬಿಚ್ಚಿಕೊಳ್ಳುತ್ತಿತ್ತು. "ಅಪ್ಪಯ್ಯಣ್ಣಾ!" ಅಂತ ಬೀದಿಯ ತುದಿಗೆ ಕೇಳುವಂತೆ ಕೂಗಿದಳು.

ಅಪ್ಪಯ್ಯಣ್ಣ ಗೇಟಿನ ಬೀಗ ತೆಗೆದು, ಹೊರಗೆ ಬಂದು, ಮತ್ತೆ ಬೀಗ ಹಾಕಿ, ಓಡಿ ಬಂದ. ಚರಂಡಿ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡ. "ನನ್ ತಾಯಾಣೆ ಇದು ನನ್ದಲ್ಲ ಕಣಮ್ಮ. ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ. ಮೂವತ್ತು ವರ್ಷದ ಕಸುಬಲ್ಲಿ ಇಂಥ ದರಿದ್ರ ಬಣ್ಣ ನಾನು ಹಾಕಿದ್ರೆ ನನ್ನ ಊರಿಂದ ಓಡಿಸಿ."

"ಮೇಲಿಂದಾನೇ ಬರ್ತಿದೆಯಲ್ಲ," ಅಂದಳು ಅರ್ಪಿತ. ಅವಳು ಮಾತು ನಂಬುವವಳಲ್ಲ, ನೀರನ್ನು ನಂಬುವವಳು. ಚರಂಡಿಯ ಅಂಚಿನಲ್ಲಿ ಮೇಲಕ್ಕೆ ನಡೆದಳು. ಬೀದಿ ಅವಳ ಹಿಂದೆ ನಡೆಯಿತು. ಕೋದಂಡರಾಮಯ್ಯ ಎಲ್ಲರಿಗಿಂತ ಹಿಂದೆ. ಅಪ್ಪಯ್ಯಣ್ಣನ ಗೇಟಿನ ಮುಂದೆ ಚರಂಡಿ ಒಣಗಿತ್ತು. ಗೇಟಿನಿಂದ ಹತ್ತು ಮಾರು ಕೆಳಗೂ ಒಣಗಿತ್ತು. ಬಣ್ಣ ಶುರುವಾಗುತ್ತಿದ್ದದ್ದು ಒಂದು ಮನೆಯ ಬಚ್ಚಲ ಪೈಪಿನಿಂದ. ಪೈಪಿನ ಬಾಯಿಂದ ಇನ್ನೂ ತೊಟತೊಟ ಬೀಳುತ್ತಿತ್ತು.

"ಇದು ಯಾರ ಮನೆ?"

ಎದುರು ಮನೆಯ ಮುದುಕಿ ಜಗಲಿಯಿಂದ, "ಮೆಂಬರ್ರು ಮನೆ," ಅಂದಳು.

ವರಲಕ್ಷ್ಮಮ್ಮ ತಿರುಗಿ ಗಂಡನನ್ನು ನೋಡಿದಳು. ಈ ಸೆಖೆಯಲ್ಲಿ ಕೈಗೆ ಟವೆಲ್ ಸುತ್ತಿಕೊಂಡು ನಿಂತ ಗಂಡನನ್ನು.

"ರೀ. ಟವೆಲ್ ತೆಗೀರಿ."

"ಗಾಯ ಆಗಿದೆ ಕಣೇ."

"ತೆಗೀರಿ."

ತೆಗೆದ. ಜನ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಅರ್ಪಿತ ಪೆನ್ನಿನ ಕ್ಯಾಪು ತೆಗೆದಳು. "ಮನೇಲೇ ಡೈಯಿಂಗ್ ಮಾಡ್ತೀರಾ? ಲೈಸೆನ್ಸಿದೆಯಾ? ಕಾರ್ಖಾನೆ ಅಂತಲೇ ಬರ್ಕೋತೀನಿ."

ಕೋದಂಡರಾಮಯ್ಯನ ಮುಂದೆ ಎರಡೇ ದಾರಿ ಇದ್ದವು. ಸುಮ್ಮನಿದ್ದರೆ ಫೈಲು ವಾಪಸ್, ಚರಂಡಿ ಉಳಿಯುತ್ತದೆ. ಅವನು ಬಯಸಿದ್ದೂ ಅದೇ. ಆದರೆ ಉಳಿದ ಚರಂಡಿಯ ಮೇಲೆ ಇನ್ನು ಮುಂದೆ ಇಪ್ಪತ್ತನಾಲ್ಕು ಜನ ಬಹಿರಂಗವಾಗಿ ಕೂರುತ್ತಾರೆ, ಒಳಗೆ ವರಲಕ್ಷ್ಮಮ್ಮ ಇರುತ್ತಾಳೆ. ಚರಂಡಿ ಹೊರಗಿತ್ತು. ವರಲಕ್ಷ್ಮಮ್ಮ ಮನೆಯೊಳಗೆ, ಸೌಟಿನ ಪಕ್ಕದಲ್ಲಿ, ಉಳಿದ ಆಯುಷ್ಯವೆಲ್ಲ.

"ಕಾರ್ಖಾನೆ ಅಲ್ಲಮ್ಮ," ಅಂದ. "ಒಂದ್ ಹಂಡೆ. ಹಳೇ ಪುಡಿ. ನಾನೇ ಕಲಸಿ ಸುರಿದೆ."

"ಯಾಕೆ?"

"ನಿಮ್ ಸ್ಕೀಮು ನಿಲ್ಲಲಿ ಅಂತ."

"ಯಾಕೆ?" ಈ ಸಲ ಕೇಳಿದ್ದು ವರಲಕ್ಷ್ಮಮ್ಮ.

ಹೇಳಿದ. ಚಪ್ಪಡಿ, ಬ್ರಶ್ಶು, ಎಳೆ, ಮೂರು ಪಾಲಿನ ಲೆಕ್ಕ, ಎಂಟು ಗಂಟೆ ಬಸ್ಸು, ಎಲ್ಲ ಹೇಳಿದ. ಬಣ್ಣ ಒಳಗಿಂದ ಬರುತ್ತಿರಲಿಲ್ಲ, ಅಪ್ಪಯ್ಯಣ್ಣನ ಗೇಟಿನ ಕೆಳಗಿಂದ ಬರುತ್ತಿತ್ತು ಅಂತಲೂ ಹೇಳಿದ. ಮುನಿಕೃಷ್ಣ ತನ್ನ ಎಳೆಯನ್ನು ನಿಧಾನವಾಗಿ ಜೇಬಿಗೆ ಹಾಕಲು ಹೋದ. ಅದು ಅಂಗಿಗೆ ಅಂಟಿಕೊಂಡಿತು.

ಅಪ್ಪಯ್ಯಣ್ಣ ಒಬ್ಬೊಬ್ಬರ ಕೈಯನ್ನೂ ನೋಡಿದ. ಎಲ್ಲ ಕೈಯಲ್ಲೂ ಎಳೆ.

"ಎಲ್ರೂನಾ?" ಅಂದ. "ಮೂರು ಕ್ಯಾಮೆರಾ ಹಾಕ್ಸಿದೀನಲ್ರಯ್ಯಾ! ದಿನಾ ರಾತ್ರಿ ಕೂತು ಖಾಲಿ ಅಂಗಳ ನೋಡಿದೀನಿ! ನಮ್ ಬಾಮೈದನೇ ಕಳ್ಳ ಅಂತ ಎರಡು ವರ್ಷದಿಂದ ಅವನ್ ಜೊತೆ ಮಾತು ಬಿಟ್ಟಿದೀನಿ!"

"ಹಂಗಾದ್ರೆ ಇವತ್ತು ಮಾತಾಡ್ಸಿಬಿಡಿ ಅಪ್ಪಯ್ಯಣ್ಣ," ಅಂದ ಮುನಿಕೃಷ್ಣ.

"ಬೇಡ. ಎರಡು ವರ್ಷ ನೆಮ್ಮದಿಯಾಗಿದೀನಿ."

ಅಷ್ಟರಲ್ಲಿ ಮುನಿಕೃಷ್ಣನಿಗೆ ಹನ್ನೆರಡು ಕೆಜಿಯ ನೆನಪಾಯಿತು. ಫೋನು ತೆಗೆದು ಕಿವಿಗಿಟ್ಟುಕೊಂಡು ದೂರ ಓಡಿದ. "ಗುರು, ಹಾಕ್ಬೇಡ! ಹಾಕ್ಬಿಟ್ಯಾ? ಎಷ್ಟ್ ಕೆಜಿ? ಅಯ್ಯೋ, ಪೂರ್ತಿನಾ?" ಕೆಳಗಿನ ಮನೆಗಳಿಂದಲೂ ಅಂಥದ್ದೇ ನಾಲ್ಕೈದು ಫೋನಿನ ದನಿ ಕೇಳಿಸಿತು.

ಅರ್ಪಿತ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುಗಿಸಿ ನೋಡಿದಳು. ಮಾರ್ಚ್ ಮುಗಿಯಲು ಹತ್ತು ದಿನ ಇತ್ತು. ನೋಡಿದ್ದ ಆರು ಊರಲ್ಲಿ ಎರಡು ಊರಿನವರು ತೊಟ್ಟಿಗೆ ಜಾಗ ಕೊಡುವುದಿಲ್ಲ ಅಂತ ಜಗಳವಾಡಿ ದುಡ್ಡು ಕಳಕೊಂಡಿದ್ದರು. ಇಲ್ಲಿ ಜಾಗ ಇತ್ತು, ದುಡ್ಡಿತ್ತು, ಮೆಂಬರಿದ್ದಳು. ಇದ್ದ ತೊಂದರೆ ಎಂದರೆ ಒಂದು ಹಂಡೆ. ಅವಳು ಬರೆದುಕೊಂಡು, ಗಟ್ಟಿಯಾಗಿ ಓದಿದಳು. "ಪರಿಶೀಲನೆಯ ವೇಳೆ ಒಂದು ವಾಸದ ಮನೆಯ ಬಚ್ಚಲಿನಿಂದ ಆಕಸ್ಮಿಕ ವಿಸರ್ಜನೆ ಕಂಡುಬಂದಿದೆ. ಕಾರ್ಖಾನೆಯ ನೀರು ಸೇರುತ್ತಿರುವುದಿಲ್ಲ. ಸರಿನಾ ಮೇಡಂ? ನಾಳೆ ಬೆಳಿಗ್ಗೆ ಬಂದು ಬಾಟ್ಲಿಗೆ ನೀರು ತುಂಬ್ಕೊಂಡು ಹೋಗ್ತೀನಿ. ಅಷ್ಟರಲ್ಲಿ ಇವ್ರು ಇನ್ನೊಂದ್ ಸಲ ಏನೂ ವಿಸರ್ಜನೆ ಮಾಡ್ದಂಗೆ ನೋಡ್ಕೊಳ್ಳಿ."

"ಮಾಡಲ್ಲ," ಅಂದಳು ವರಲಕ್ಷ್ಮಮ್ಮ. "ಮಾಡಕ್ಕೆ ಜೀವ ಇರ್ಬೇಕಲ್ಲ."

ಸಭೆ ಅರಳಿಕಟ್ಟೆಯಲ್ಲಿ ನಡೆಯಿತು. ಬೀದಿಯ ಹೆಂಗಸರು ಮೊದಲಿನಿಂದಲೂ ಚರಂಡಿ ಮುಚ್ಚುವ ಕಡೆ. ಗಂಡಸರು ಬೇಡ ಅನ್ನಬಹುದು ಅಂತ ವರಲಕ್ಷ್ಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ತಯಾರಾಗಿ ನಿಂತಿದ್ದಳು. ಆದರೆ ಗಂಡಸರು ಅಷ್ಟು ಹೊತ್ತಿಗೆ ಬೇರೆ ಲೆಕ್ಕ ಹಾಕಿ ಮುಗಿಸಿದ್ದರು. ತಾನೊಬ್ಬನೇ ನೋಡುವ ಚರಂಡಿಯಾದರೆ ಅದು ಆಸ್ತಿ. ಎಲ್ಲರೂ ನೋಡುವುದಾದರೆ ಬರೀ ಚರಂಡಿ.

"ಮುಚ್ಚಿ," ಅಂದ ಮುನಿಕೃಷ್ಣ ಎಲ್ಲರಿಗಿಂತ ಮೊದಲು. "ಇವತ್ತೇ ಮುಚ್ಚಿದ್ರೂ ಸರಿ. ಅಪ್ಪಯ್ಯಣ್ಣನ ತೊಟ್ಟಿಗೂ ಮುಚ್ಚಳ ಬೇಕು ಅಂತ ಠರಾವಲ್ಲಿ ಬರೀರಿ."

"ಮುಚ್ಚಳಕ್ಕೆ ಬೀಗ," ಅಂದ ಕೆರೆ ಪಕ್ಕದ ಮನೆಯವನು.

"ಬೀಗದ ಕೈ ಕೋದಂಡಣ್ಣನ ಮನೇಲಿ ಇರ್ಕೂಡದು," ಅಂದ ಇನ್ನೊಬ್ಬ.

"ಮೆಂಬರ್ರು ಮನೆ ಅದು," ಅಂತ ಯಾರೋ ಅಂದರು.

"ಅದಕ್ಕೇ ಹೇಳ್ತಿರೋದು."

ಎಲ್ಲವನ್ನೂ ಬರೆದುಕೊಂಡರು. ನೀರಿನ ಶುದ್ಧೀಕರಣದ ಠರಾವಿನಲ್ಲಿ ಬೀಗದ ಬಗ್ಗೆ ಇಷ್ಟೊಂದು ಇರುವುದನ್ನು ತಾನು ಇದುವರೆಗೆ ಕಂಡಿಲ್ಲ ಅಂತ ಅರ್ಪಿತ ಹೇಳಿದಳು. ಕೈ ಎತ್ತಿ ಅಂದಾಗ ಎಲ್ಲರ ಕೈಯೂ ಎದ್ದಿತು. ಕೋದಂಡರಾಮಯ್ಯನದೂ ಎದ್ದಿತು. ಮೊಣಕೈವರೆಗೆ ಆ ಬಣ್ಣವಿದ್ದುದರಿಂದ ಅದನ್ನು ಎಣಿಸುವುದಕ್ಕೆ ಯಾರಿಗೂ ಕಷ್ಟವಾಗಲಿಲ್ಲ.

ಫೈಲಿಗೆ ಇಪ್ಪತ್ತೊಂಬತ್ತನೇ ತಾರೀಕು ಸಹಿ ಬಿತ್ತು. ಅಷ್ಟು ದಿನವೂ ವರಲಕ್ಷ್ಮಮ್ಮ ಗಂಡನ ಜೊತೆ ಬೇಕಾದಷ್ಟೇ ಮಾತು ಆಡಿದಳು: ಊಟ, ಕಾಫಿ, ಲೈಟು ಆರ್ಸಿ. ಸಹಿಯಾದ ದಿನ ಮಾತ್ರ, "ಅಲ್ಲಾ ರೀ, ಅಷ್ಟು ವರ್ಷ ದಿನಾ ಚರಂಡಿ ಮೇಲೆ ಕೂತ್ಕೊಂಡ್ರಲ್ಲ, ಆ ನಾತ ಹೆಂಗ್ ತಡ್ಕೊಂಡ್ರಿ?" ಅಂತ ಕೇಳಿದಳು. "ಪೇಸ್ಟು ಘಾಟಿರ್ತಿತ್ತು," ಅಂದ ಅವನು. ಅವಳು ತಿರುಗಿ ಗೋಡೆ ಕಡೆ ಮುಖ ಮಾಡಿದಳು. ನಕ್ಕಳೋ ಏನೋ, ಬೆನ್ನು ಅಲ್ಲಾಡಿತು.

ಮೇ ತಿಂಗಳ ಹೊತ್ತಿಗೆ ಚರಂಡಿಯ ಮೇಲೆ ಕಾಂಕ್ರೀಟು ಬಿದ್ದಿತ್ತು, ಕೆರೆ ಪಕ್ಕ ಎರಡು ತೊಟ್ಟಿ ಎದ್ದಿದ್ದವು. ಕೆರೆ ಇನ್ನೂ ನಾರುತ್ತಿತ್ತು. ಅದು ಸರಿಹೋಗಲು ಎರಡು ಮಳೆಗಾಲ ಬೇಕು ಅಂತ ಅರ್ಪಿತ ಹೇಳಿದ್ದಳು. ವರಮಹಾಲಕ್ಷ್ಮಿ ಹಬ್ಬದ ಮಾಲಿಗೆ ನೂಲು ಕೊಡುವ ಸಮಯ ಬಂತು. ಕೋದಂಡರಾಮಯ್ಯ ಎಂಟು ಗಂಟೆಯ ಬಸ್ಸಿಗೆ ದೊಡ್ಡಬಳ್ಳಾಪುರಕ್ಕೆ ಹೋಗಿ, ಬಣ್ಣದ ಅಂಗಡಿಯ ಬೆಂಚಿನ ಮೇಲೆ ಬರಿಗೈಯಲ್ಲಿ ಕೂತ.

ಅಂಗಡಿಯವನು ಕೈ ಚಾಚಿದ. "ಎಳೆ ಕೊಡಿ ಸಾರ್."

"ಎಳೆ ಇಲ್ಲ. ಕಾರ್ಡು ಕೊಡಪ್ಪ."

ಅಂಗಡಿಯವನು ಬಣ್ಣದ ಕಾರ್ಡು ತಂದು ಬಿಡಿಸಿದ. ನೂರಾ ಇಪ್ಪತ್ತು ಚೌಕ, ನೂರಾ ಇಪ್ಪತ್ತು ನಂಬರು. ಕೋದಂಡರಾಮಯ್ಯ ನೋಡಿದ. ಮೇಲಿನಿಂದ ಕೆಳಕ್ಕೆ ನೋಡಿದ, ಪಕ್ಕಕ್ಕೆ ತಿರುಗಿಸಿ ನೋಡಿದ. ಎರಡು ಸಲ ಟೀ ಬಂತು, ಎರಡೂ ಕುಡಿದ. ಹಸಿರಿನ ಹತ್ತಿರ ಬೆರಳು ತಂದು ಹಿಂದಕ್ಕೆ ತೆಗೆದ. ಬೇರೆಯವರು ಬಂದರು, ಆರಿಸಿದರು, ಹೋದರು. ಕೊನೆಗೆ ಮನೆದೇವರನ್ನು ನೆನೆದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬೆರಳು ಊರಿದ.

"ಸಾರ್," ಅಂದ ಅಂಗಡಿಯವನು. "ಅದು ಕಂಪನಿ ಅಡ್ರೆಸ್ಸು."

ಕೋದಂಡರಾಮಯ್ಯ ಕಣ್ಣು ಬಿಟ್ಟ. ಬೆರಳನ್ನು ಎತ್ತದೆ ಒಂದು ಅಂಗುಲ ಎಡಕ್ಕೆ ಸರಿಸಿದ. ಅಲ್ಲೊಂದು ಬಣ್ಣವಿತ್ತು. ಚೆನ್ನಾಗಿದೆಯೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

"ಇದು," ಅಂದ.

"ಇದಾ?" ಅಂಗಡಿಯವನು ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡಿದ. "ಎಷ್ಟು ಕೆಜಿ ಹಾಕ್ಲಿ?"

"ಹತ್ತು," ಅಂದ ಕೋದಂಡರಾಮಯ್ಯ. ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು, ತಿರುಗಿ ಬಂದ.

"ಎರಡು ಹಾಕಪ್ಪ, ಸಾಕು."